ಏಳನೆಯ ಸೀರೆ

ಸಾವಿನ ಮನೆಯ ಮಾತನ್ನು ಹೊರಗೆ ಆಡಬಾರದು ಅನ್ನುತ್ತಾರೆ ಹಿರಿಯರು. ಅದರಲ್ಲೂ ಇದು ಬೇರೆಯವರ ಮನೆಯ ಸಾವು. ಹೇಳುವ ಹಕ್ಕು ಇದೆಯೋ ಇಲ್ಲವೋ ಎಂಬ ಅಳುಕಿನಲ್ಲೇ ಹೇಳಬೇಕಾಗಿದೆ. ಒಂದು ಮಾತು ಹೆಚ್ಚೋ ಕಡಿಮೆಯೋ ಆದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪದ್ಮಾ ಬೀರುವಿನ ಬಾಗಿಲನ್ನು ಎಳೆದ ರಭಸಕ್ಕೆ ಮೇಲಿದ್ದ ಡಬ್ಬಿ ಉರುಳಿ, ರೇಷ್ಮೆ ದಾರದ ಲಡಿಗಳು ನೆಲದ ತುಂಬ ಚೆಲ್ಲಿದವು. ಕೆಂಪು, ಗಿಳಿಹಸಿರು, ಅರಿಸಿನ. ಬೀರುವಿನ ನಡುವಿನ ಅರೆ ಖಾಲಿ. ಗಿರಾಕಿಗಳ ಸೀರೆಗಳನ್ನು ಮಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲೆ ಹೆಸರಿನ ಚೀಟಿ ಸಿಕ್ಕಿಸಿ ಅಕ್ಕ ಇಡುತ್ತಿದ್ದ ಜಾಗ ಅದು.

“ಇಲ್ಲಿ ಏನೂ ಇಲ್ವಲ್ಲ ಭಾವ.”

“ಏಳಿತ್ತು ಪದ್ಮ. ಶುಕ್ರವಾರ ಸಾಯಂಕಾಲ ನಾನೇ ನೋಡಿದೀನಿ. ಏಳೂ ಮದುವೆ ಸೀರೆ, ಮೈಮುರಿಯೋ ಕೆಲಸ ಇದೆ ಅಂತಿದ್ಲು.” ನಾರಾಯಣಸ್ವಾಮಿ ನಡುಮನೆಯಿಂದಲೇ ಹೇಳಿದರು. ಹೆಂಡತಿಯ ತಲೆಯ ಬಳಿ ಇಟ್ಟಿದ್ದ ದೀಪಕ್ಕೆ ಎಣ್ಣೆ ಹಾಕುತ್ತಾ ಕೂತವರು ಮೇಲೇಳಲಿಲ್ಲ.

ದಾಕ್ಷಾಯಣಿ ಚಾಪೆಯ ಮೇಲೆ ಮಲಗಿದ್ದಳು. ಮುತ್ತೈದೆ ಸಾವು ಎಂದು ಹಣೆ ತುಂಬ ಕುಂಕುಮ, ಕೈ ತುಂಬ ಬಳೆ. ಐವತ್ತೇಳು ವರ್ಷ. ಮಧುಗಿರಿಯಲ್ಲಿ ಹುಟ್ಟಿ, ಬ್ಯಾಂಕು ಗಂಡನನ್ನು ಕಳಿಸಿದಲ್ಲಿಗೆಲ್ಲ ಹೋಗಿ, ಕೊನೆಗೆ ವಿಶಾಖಪಟ್ಟಣದ ದ್ವಾರಕಾ ನಗರದ ಈ ಮೂರನೆಯ ಮಹಡಿಯಲ್ಲಿ ನಿಂತವಳು. ಗಂಡನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಸೆರಗಿನ ಅಂಚಿಗೆ ರೇಷ್ಮೆ ಕುಚ್ಚು ಕಟ್ಟಿಕೊಡುವುದು ಮಾತ್ರ ಅವಳದೇ ಕೆಲಸ. ಬಾಗಿಲಿಗೆ ಬೋರ್ಡಿರಲಿಲ್ಲ. ಆದರೂ ಭೀಮುನಿಪಟ್ಟಣದಿಂದಲೂ ಜನ ಸೀರೆ ಹಿಡಿದು ಬರುತ್ತಿದ್ದರು.

“ಏನ್ ನಗೀ ಮಾರೀರೀ ಅಕೀದು,” ಎಂದರು ಗೋಡೆಗೊರಗಿ ಕೂತಿದ್ದ ಚೆನ್ನಮ್ಮ. ಧಾರವಾಡದ ಕಡೆಯವರು, ಬ್ಯಾಂಕಿನ ಮ್ಯಾನೇಜರರ ಹೆಂಡತಿ. “ಒಂದ್ ದಿನಾ ಮಾರಿ ಗಂಟ್ ಹಾಕ್ಕೊಂಡಿದ್ದು ನೋಡಲಿಲ್ಲ ನಾ. ಈಗ ನೋಡ್ರಿ, ಈಗೂ ನಕ್ಕಾಂಗ ಅದಾಳ.”

ಪದ್ಮಾಳಿಗೆ ಮೈ ಉರಿಯಿತು. ವಿಜಯವಾಡದಿಂದ ಬೆಳಗಿನ ಜಾವ ಬಂದಿಳಿದಾಗಿನಿಂದ ಇದೇ ಮಾತು. ಯಾವಾಗಲೂ ನಗುಮುಖ, ಎಂಥ ಮಾತುಗಾರಿಕೆ, ಯಾರಿಗೂ ಇಲ್ಲ ಅಂದವಳಲ್ಲ. ಸತ್ತವಳನ್ನು ಹೊಗಳುತ್ತಿದ್ದಾರೋ, ಒಳ್ಳೆಯ ಅಂಗಡಿಯೊಂದು ಬಾಗಿಲು ಹಾಕಿತಲ್ಲ ಎಂದು ಕೊರಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

“ಭಾವ, ಇನ್ನೊಂದ್ಸಲ ಹೇಳಿ. ಡಾಕ್ಟರು ಏನಂದ್ರು?”

“ಎಷ್ಟು ಸಲ ಕೇಳ್ತೀಯ ಪದ್ಮ?”

“ಹೇಳಿ.”

“ಒಂದೆರಡು ಗಂಟೆ ಮುಂಚೆ ತಂದಿದ್ರೆ ಬಹುಶಃ ನೋಡಬಹುದಿತ್ತು ಅಂದ್ರು. ಎದೆನೋವು ಮಧ್ಯಾಹ್ನ ಹನ್ನೆರಡಕ್ಕೇ ಶುರುವಾಯ್ತು ಅಂತ ಅವಳೇ ಅವರ ಹತ್ರ ಹೇಳಿದ್ಲು. ನನಗೆ ಫೋನ್ ಬಂದದ್ದು ಎರಡೂಕಾಲಿಗೆ.”

“ಆ ಎರಡು ಗಂಟೆ ನೀವೆಲ್ಲಿದ್ರಿ?”

“ಬ್ಯಾಂಕಲ್ಲಿ! ನಿನ್ನೆ ಶನಿವಾರಾನೂ ನಮಗೆ ಕೆಲಸ ಇತ್ತು. ಪ್ರತೀಕ್ಷಾ ಪರವಾಡದಲ್ಲಿ ಶಿಫ್ಟಲ್ಲಿದ್ಲು.” “ಫೋನ್ ಬಂದ ಹತ್ತು ನಿಮಿಷಕ್ಕೆ ನಾನು ಗೇಟಲ್ಲಿದ್ದೆ. ಅವಳಾಗಲೇ ಸೀರೆ ಬದಲಾಯಿಸಿಕೊಂಡು, ತಲೆ ಬಾಚಿಕೊಂಡು ಕೆಳಗೆ ಬಂದು ನಿಂತಿದ್ಲು. ಗಾಬರಿ ಆಗ್ಬೇಡಿ, ಗ್ಯಾಸಿರಬೇಕು ಅಂದ್ಲು.”

“ಆ ಮಾತನ್ನ ನಂಬಿದ್ರಿ.”

“ನಗ್ತಾ ಇದ್ಲು ಪದ್ಮ!”

ಯಾರೋ ಆ ಎರಡು ಗಂಟೆಯನ್ನು ನುಂಗಿದ್ದಾರೆ ಎಂಬುದು ಪದ್ಮಾಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಅದು ಯಾರೆಂದು ಗೊತ್ತಾದ ಮೇಲೇ ಅಕ್ಕ ಈ ಮನೆಯಿಂದ ಹೋಗಬೇಕು ಎನ್ನುವಷ್ಟು ಹಟ. ಇನ್ನೊಂದು ಸಂಗತಿಯೂ ಚುಚ್ಚುತ್ತಿತ್ತು. ನೆಲಮಹಡಿಯ ಗಂಗಾಭವಾನಿ, ದಿನಾ ಅಕ್ಕನ ಜೊತೆ ಕಾಫಿ ಕುಡಿಯುತ್ತಿದ್ದವಳು, ಬಾಯ್ತುಂಬ ‘ವದಿನಾ, ವದಿನಾ’ ಎಂದು ಅತ್ತಿಗೆಯ ವರಸೆ ಹಿಡಿದು ಕರೆಯುತ್ತಿದ್ದವಳು, ಬೆಳಗಿನಿಂದ ಒಂದು ಸಲವೂ ಮೇಲೆ ಹತ್ತಿ ಬಂದಿರಲಿಲ್ಲ.

ಅಕ್ಕನ ಮಗಳು ಪ್ರತೀಕ್ಷಾ ಫೋನು ಹಿಡಿದು ಕೋಣೆಗೆ ಬಂದಳು. ಅತ್ತು ಅತ್ತು ಅವಳ ಕನ್ನಡವೆಲ್ಲ ಕರಗಿ ತೆಲುಗೇ ಉಳಿದಂತಿತ್ತು. “ಪಿನ್ನೀ, ಆ ದುರ್ಗಾಂಬ ಆಂಟಿ ಮತ್ತೆ ಫೋನ್ ಮಾಡ್ತಿದಾರೆ. ಗೇಟ್ ಹತ್ರಾನೇ ಇದಾರಂಟ. ಪೆಳ್ಳಿ, ಅದೇ ಮದುವೆ ಮನೆಯವರು ಕದಾ, ಸಾವಿನ ಮನೆಗೆ ರಾಕೂಡದಂಟ. ಅವರ ಸೀರೆ…”

“ಚಿಕ್ಕಮ್ಮ ಅನ್ನು” ಎಂದಳು ಪದ್ಮಾ. ಯಾಕೆ ಅಂದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಚೆಲ್ಲಿದ್ದ ದಾರಗಳನ್ನು ತುಳಿಯುತ್ತಾ ಹೊರಟಳು.

ಬಾಗಿಲ ಪಕ್ಕದಲ್ಲಿ, ಕಣ್ಣಿನ ಎತ್ತರಕ್ಕೆ, ಅಂಗೈಯಗಲದ ಕನ್ನಡಿ ತೂಗುತ್ತಿತ್ತು. ಅದರಲ್ಲಿ ತನ್ನ ಮುಖ ಕಂಡು ಪದ್ಮಾ ಒಂದು ಗಳಿಗೆ ನಿಂತಳು. ವಿಜಯವಾಡದ ಕನ್ನಡಿಯೇ ಅದು. ಅಕ್ಕ ಇಲ್ಲಿಗೂ ಹೊತ್ತು ತಂದಿದ್ದಾಳೆ.

*

ಹದಿನಾಲ್ಕು ವರ್ಷದ ಕೆಳಗೆ ಅಕ್ಕತಂಗಿಯರ ಗಂಡಂದಿರಿಗೆ ಒಂದೇ ಸಲ ವಿಜಯವಾಡಕ್ಕೆ ವರ್ಗವಾಗಿತ್ತು. ಸತ್ಯನಾರಾಯಣಪುರದಲ್ಲಿ ಒಂದೇ ಮನೆಯ ಕೆಳಗೂ ಮೇಲೂ ಬಾಡಿಗೆ. ಬೇಸಿಗೆಯಲ್ಲಿ ನಲ್ಲಿಯ ನೀರಿನಲ್ಲೇ ಕಾಫಿ ಮಾಡಬಹುದು ಎಂದು ಪದ್ಮಾಳ ಗಂಡ ಧನಂಜಯ ತಮಾಷೆ ಮಾಡುತ್ತಿದ್ದ. ಅಲ್ಲಿನ ಒಂದು ಪೂಜೆಯಲ್ಲಿ ದಾಕ್ಷಾಯಣಿಯ ಸೆರಗಿನ ಕುಚ್ಚನ್ನು ಯಾರೋ ಹಿಡಿದು ನೋಡಿ, ಇದನ್ನು ಎಲ್ಲಿ ಕಟ್ಟಿಸಿದಿರಿ ಎಂದು ಕೇಳಿದರು. ನಾನೇ ಕಟ್ಟಿದ್ದು, ನಿಮಗೂ ಕಟ್ಟಿಕೊಡಲಾ ಎಂದಳು ಇವಳು. ಶುರುವಾದದ್ದು ಹಾಗೆ.

ಪದ್ಮಾಳ ಕೈ ಅಕ್ಕನದಕ್ಕಿಂತ ಚುರುಕು. ಅಕ್ಕ ಹತ್ತು ಕಟ್ಟುವಷ್ಟರಲ್ಲಿ ಇವಳದು ಹದಿನೈದು. ಅದನ್ನು ಅಕ್ಕನೇ ಎಲ್ಲರ ಮುಂದೆ ಹೇಳುತ್ತಿದ್ದಳು. ಆದರೆ ಗಿರಾಕಿ ಬಂದರೆ ಬಾಗಿಲು ತೆಗೆಯುವವಳು ಅಕ್ಕನೇ. ನೈಟಿಯಲ್ಲಿ ಯಾರ ಎದುರಿಗೂ ಬರಕೂಡದು, ಕೆಲಸ ಇರಲಿ ಬಿಡಲಿ ಬೆಳಿಗ್ಗೆ ಹತ್ತಕ್ಕೆ ಮುಖ ತೊಳೆದು ಕುಂಕುಮ ಇಟ್ಟು ಕೂರಬೇಕು. ಒಂದೂ ಸೀರೆ ಇಲ್ಲದ ಆಷಾಢದಲ್ಲೂ ಹಳೆಯ ದುಪಟ್ಟಾಕ್ಕೆ ಕುಚ್ಚು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

“ಯಾರಿಗೆ ಕಟ್ತಿದೀಯೇ ಅಕ್ಕ? ದೆವ್ವಕ್ಕಾ?”

“ಕೈಗೆ ಮರೆವು ಬರಬಾರದು ಕಣೇ. ಕೈ ಮರೆತ್ರೆ ಮನಸ್ಸೂ ಮರೆಯುತ್ತೆ. ಶ್ರಾವಣದಲ್ಲಿ ಬಾಗಿಲು ತಟ್ಟೋರಿಗೆ ಆಷಾಢದ ಮುಖ ತೋರಿಸೋಕಾಗುತ್ತಾ?”

ಆ ಕನ್ನಡಿ ತೂಗುಹಾಕಿದ್ದೂ ಆಗಲೇ. ‘ಬಾಗಿಲು ತೆಗೆಯೋ ಮುಂಚೆ ಮುಖ ತೆಗೀಬೇಕು’ ಎನ್ನುತ್ತಿದ್ದಳು. ಒಂದು ದಿನ ಪದ್ಮಾ ಮೆಟ್ಟಿಲ ಮೇಲಿಂದ ನೋಡಿದ್ದಳು. ಬೆಲ್ಲು ಆಗಿತ್ತು. ಅಕ್ಕ ಕನ್ನಡಿಯ ಮುಂದೆ ನಿಂತು ಎರಡೂ ಕೆನ್ನೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ನಗುವನ್ನು ಮುಖಕ್ಕೆ ತರುತ್ತಿದ್ದಳು, ಹಿಟ್ಟು ನಾದಿ ಹದಕ್ಕೆ ತರುವ ಹಾಗೆ. ಬಂತು. ಬಾಗಿಲು ತೆಗೆದಳು. “ಅಯ್ಯೋ ಬನ್ನಿ ಬನ್ನಿ, ಈಗ ನಿಮ್ಮನ್ನೇ ನೆನೆಸ್ಕೊಂಡೆ!” ಅರ್ಧ ಗಂಟೆ ಮಾತು, ಮಗುವಿನ ಶಾಲೆ, ಅತ್ತೆಯ ಮಂಡಿನೋವು. ಗಿರಾಕಿ ಹೋದ ಮೇಲೆ ಬಾಗಿಲು ಹಾಕಿ, ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕೂತಳು. ಮುಖದಲ್ಲಿ ಏನೂ ಇರಲಿಲ್ಲ. ತೊಳೆದು ಕವುಚಿಟ್ಟ ಪಾತ್ರೆಯ ಹಾಗೆ. ಹತ್ತು ನಿಮಿಷ ಹಾಗೇ ಕೂತಿದ್ದು, ಎದ್ದು ಸೂಜಿ ಹಿಡಿದಳು.

ಐದು ವರ್ಷ ಜೊತೆಗೆ ನಡೆಯಿತು. ಮುರಿದದ್ದು ಒಂದು ನೇರಳೆ ಸೀರೆಯಿಂದ. ಕುಚ್ಚಿನ ಬಣ್ಣ ಕೂಡಲಿಲ್ಲ ಎಂದು ಗಿರಾಕಿಯೊಬ್ಬಳು ಸೀರೆಯನ್ನು ಕುರ್ಚಿಯ ಮೇಲೆ ಎಸೆದಳು. ಅಂದು ಬಾಗಿಲು ತೆಗೆದವಳು ಪದ್ಮಾ. “ಬಣ್ಣ ಸರಿಯಾಗಿದೆ. ನಿಮ್ಮ ಕಣ್ಣು ತೋರಿಸ್ಕೊಳ್ಳಿ” ಎಂದುಬಿಟ್ಟಳು. ಅಕ್ಕ ಒಳಗಿನಿಂದ ಓಡಿಬಂದು, ತಪ್ಪು ನಮ್ಮದೇ ಎಂದು ಕೈಮುಗಿದು, ಮರುದಿನವಿಡೀ ಕೂತು ತಂಗಿ ಕಟ್ಟಿದ್ದ ಕುಚ್ಚನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದಳು. ಅದೇ ಬಣ್ಣದ ದಾರದಿಂದಲೇ. ಗಿರಾಕಿ ಬಂದು ನೋಡಿ, “ಈಗ ಸರಿಯಾಯಿತು” ಎಂದು ತೆಗೆದುಕೊಂಡು ಹೋದಳು.

“ಅದೇ ದಾರ! ಅವಳಿಗೆ ಹೇಳಬಾರದಾಗಿತ್ತಾ?”

“ಹೇಳಿ ಏನಾಗ್ಬೇಕು? ನಿನಗೆ ಕೈ ಇದೆ ಪದ್ದಿ, ಮುಖ ಇಲ್ಲ.”

ಅಂದಿನಿಂದ ಪದ್ಮಾ ಸೂಜಿ ಮುಟ್ಟಲಿಲ್ಲ. ಮರುವರ್ಷ ಅಕ್ಕನ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಫೋನಿತ್ತು. ಕುಚ್ಚಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

*

ಲಿಫ್ಟು ಕೆಟ್ಟು ವಾರವಾಗಿತ್ತು. ಪದ್ಮಾ ಮೆಟ್ಟಿಲುಗಳನ್ನು ಧಡಧಡ ಇಳಿದಳು. ಗೇಟಿನ ಆಚೆ ಬಿಳಿ ಕಾರು, ಅದಕ್ಕೆ ಒರಗಿ ದುರ್ಗಾಂಬ. ಐವತ್ತರ ಹೆಂಗಸು, ಕಣ್ಣಿನಲ್ಲಿ ನಿದ್ದೆಯಿಲ್ಲ. ಪದ್ಮಾಳನ್ನು ಕಂಡೊಡನೆ ಕೈಮುಗಿದು, ಎರಡು ಹೆಜ್ಜೆ ಹಿಂದೆ ಸರಿದಳು. ಆ ಎರಡು ಹೆಜ್ಜೆ ಪದ್ಮಾಳ ಕಣ್ಣಿಗೆ ಬಿತ್ತು.

“ನಿಮ್ಮ ಅಕ್ಕಗಾರು ಬಂಗಾರದಂಥವರಂಡಿ,” ಎಂದಳು ದುರ್ಗಾಂಬ ತೆಲುಗಿನಲ್ಲಿ. “ಯಾವಾಗಲೂ ನಗುಮುಖ…”

“ಆ ಮಾತು ಬಿಡಿ. ಬಂದದ್ದೇಕೆ ಹೇಳಿ.”

“ಬುಧವಾರ ನಮ್ಮ ಚೈತನ್ಯಾಳ ಮುಹೂರ್ತ. ಹಸಿರು ಪಟ್ಟುಚೀರೆ…”

“ನನ್ನಕ್ಕ ಮೇಲೆ ಹೆಣವಾಗಿ ಮಲಗಿದಾಳೆ. ನಾವಿನ್ನೂ ಎತ್ತಿಲ್ಲ. ನೀವಿಲ್ಲಿ ನಿಂತು ಸೀರೆ ಕೇಳ್ತಿದೀರ. ಮೇಲೆ ಬಂದು ಅವಳ ಕಾಲಿಗೊಂದು ಹೂವು ಹಾಕೋಕೆ ಮೈಲಿಗೆ, ಅವಳು ಕಟ್ಟಿದ ಕುಚ್ಚಿಗೆ ಮೈಲಿಗೆ ಇಲ್ವಾ?”

ಪಕ್ಕದ ಟೀ ಅಂಗಡಿಯವರು ತಿರುಗಿ ನೋಡಿದರು. ದುರ್ಗಾಂಬ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. “ಮನೆಯೊಳಗೇ ಇದ್ದರೆ ಬೇಡವಂಡಿ. ಸೂತಕದ ಮನೆಯಲ್ಲಿದ್ದ ಸೀರೆ ಮದುಮಗಳಿಗೆ ಹೇಗೆ ಉಡಿಸಲಿ? ಬೇರೆ ಎಲ್ಲಾದರೂ ಇಟ್ಟಿದ್ದಾರಾ ಎಂದು ಕೇಳೋಣ ಅಂತ. ಅದು ನಮ್ಮತ್ತೆ ಮೊಮ್ಮಗಳಿಗೆ ಅಂತ ತೆಗೆದಿಟ್ಟು ಹೋದ ಸೀರೆ. ಹೊಸದು ಕೊಳ್ಳಬಹುದು. ಆ ಸೀರೆ ಎಲ್ಲಿ ಸಿಗುತ್ತೆ?”

“ಇಲ್ಲ. ಮನೇಲೂ ಇಲ್ಲ, ಎಲ್ಲೂ ಇಲ್ಲ. ಹೋಗಿ.”

“ಇಲ್ಲ ಅಂದರೆ? ಶುಕ್ರವಾರ ಫೋನ್ ಮಾಡಿದಾಗ ಮುಗೀತಾ ಬಂತು ಅಂದಿದ್ದರಲ್ಲ. ಕಳೆದುಬಿಟ್ಟರಾ?”

ಆ ಮಾತು ತನ್ನ ಕೆನ್ನೆಗೆ ಬಿದ್ದಂತಾಯಿತು ಪದ್ಮಾಳಿಗೆ. ಹದಿನಾಲ್ಕು ವರ್ಷ ಒಂದು ದಾರದ ತುಂಡಿಗೂ ಮಾತು ಬರದಂತೆ ಬಾಳಿದವಳಿಗೆ ಇಂದು, ಹೆಣ ಎತ್ತುವ ಮೊದಲೇ, ಸೀರೆ ಕಳೆದವಳು ಎಂಬ ಹೆಸರು. ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನಿಂದ ‘ಗೋವಿಂದಾ’ ಎಂಬ ದನಿ ಕೇಳಿತು.

ಮೂರು ಮಹಡಿ ಮೆಟ್ಟಿಲಲ್ಲೇ ಇಳಿಸಬೇಕಾಯಿತು. ತಿರುವುಗಳಲ್ಲಿ ಚಟ್ಟ ಓರೆಯಾದಾಗ ಧನಂಜಯ ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಪ್ರತೀಕ್ಷಾ ಗೋಡೆ ಹಿಡಿದುಕೊಂಡು ಇಳಿದಳು. ದುರ್ಗಾಂಬ ಕಾರಿನ ಆಚೆ ಬದಿಗೆ ಹೋಗಿ, ಬೆನ್ನು ಮಾಡಿ ನಿಂತಳು. ನೆಲಮಹಡಿಯಲ್ಲಿ ಗಂಗಾಭವಾನಿಯ ಬಾಗಿಲು ಮುಚ್ಚಿಯೇ ಇತ್ತು. ಚಟ್ಟ ಆ ಬಾಗಿಲ ಮುಂದೆಯೇ ಹಾದುಹೋಯಿತು. ಕಿಟಕಿಯ ಪರದೆ ಅಲುಗಿದ್ದನ್ನು ಪದ್ಮಾ ನೋಡಿದಳು.

ಗಂಡಸರು ಹೋದರು. ಹೆಂಗಸರು ಮನೆ ತೊಳೆಯಲು ಮೇಲೆ ಹತ್ತಿದರು. ಪದ್ಮಾ ಮಾತ್ರ ಹತ್ತಲಿಲ್ಲ. ಆ ಮುಚ್ಚಿದ ಬಾಗಿಲಿಗೆ ಅಂಗೈಯಿಂದ ಗುದ್ದಿದಳು.

“ಬಾರಮ್ಮಾ ಹೊರಗೆ! ಹೋದಳು ನಿನ್ನ ವದಿನ. ನಿನ್ನ ಬಾಗಿಲ ಮುಂದೇನೇ ಹೋದಳು. ಕಡೇ ಸಲ ಮುಖ ನೋಡೋಕೂ ನಿನ್ನ ಕಾಲು ಬರಲಿಲ್ವಾ?”

ಬಾಗಿಲು ತೆರೆಯಿತು. ಗಂಗಾಭವಾನಿಯ ಮುಖ ಊದಿಕೊಂಡಿತ್ತು. ಪದ್ಮಾ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅವಳು ಕಿರುಚಿಕೊಂಡು ಹಿಂದೆ ಸರಿದಳು.

“ಒಳಗೆ ಬರಬೇಡಿ ಪದ್ಮಗಾರೂ! ನಿಮ್ಮ ಕಾಲು ಹಿಡೀತೀನಿ, ಅಲ್ಲೇ ನಿಲ್ಲಿ! ನನ್ನನ್ನೂ ಮುಟ್ಟಬೇಡಿ!”

ಪದ್ಮಾಳ ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು. ಹೊಡೆಯಲೆಂದೇ ಎತ್ತಿದ್ದಳೋ ಏನೋ. ಆಗ ಅವಳ ಕಣ್ಣು ಗಂಗಾಭವಾನಿಯನ್ನು ದಾಟಿ ಹಿಂದಿನ ಮಂಚದ ಮೇಲೆ ಬಿತ್ತು. ಪಂಚೆಯ ತುಂಡಿನಲ್ಲಿ ಸುತ್ತಿದ, ಹೆಸರಿನ ಚೀಟಿ ಸಿಕ್ಕಿಸಿದ ಆರು ಕಟ್ಟು. ಏಳನೆಯದು ಬಿಚ್ಚಿಕೊಂಡಿತ್ತು. ಗಿಳಿಹಸಿರು ರೇಷ್ಮೆ, ಕುಂಕುಮದ ಅಂಚು. ಸೆರಗಿನ ಮುಕ್ಕಾಲು ಪಾಲಿಗೆ ಕುಚ್ಚು ಬಂದಿತ್ತು. ಮುಂದಿನ ಜಾಗದಲ್ಲಿ ದಾರ ಪೋಣಿಸಿದ ಸೂಜಿ ಚುಚ್ಚಿ ನಿಂತಿತ್ತು.

“ನಿನ್ನೆ ತಂದು ಇಟ್ಟರು,” ಎಂದಳು ಗಂಗಾಭವಾನಿ. ಹೇಳುತ್ತಾ ಹೇಳುತ್ತಾ ಅವಳ ದನಿ ಕೆಳಗಿಳಿಯಿತು. “ಎರಡು ಸಲ ಹತ್ತಿ ಇಳಿದರು. ರವಿಕೆಯೆಲ್ಲ ಒದ್ದೆ. ಏನು ವದಿನಾ ಇಷ್ಟು ಬೆವರು ಅಂದೆ. ಎಡಗೈ ಸೆಳೀತಿದೆ, ಗ್ಯಾಸು ಅಂದರು. ಮಜ್ಜಿಗೆ ಕೊಟ್ಟೆ. ‘ಭವಾನಿ, ಇವೆಲ್ಲ ಮದುವೆ ಸೀರೆ, ನಿನ್ನ ಹತ್ರ ಇರಲಿ. ನಮ್ಮ ಮನೇಲಿ ಏನಾದ್ರೂ ಆದ್ರೆ ಪಾಪ, ಏಳು ಹುಡುಗೀರ ಸೀರೆ ಸೂತಕದಲ್ಲಿ ಸಿಕ್ಕಿಕೊಳ್ಳುತ್ತೆ’ ಅಂದರು. ಎಂಥ ಅಪಶಕುನ ಆಡ್ತೀರಿ ಅಂತ ಬೈದೆ. ‘ಹಾಗೇನಾದ್ರೂ ಆದ್ರೆ ನೀನು ಮಾತ್ರ ಮೇಲೆ ಬರಬೇಡವೇ, ಬಂದ್ರೆ ಇವುಗಳಿಗೂ ಮೈಲಿಗೆ’ ಅಂದರು. ನಕ್ಕರಮ್ಮಾ. ಅದನ್ನೂ ನಗ್ತಾನೇ ಹೇಳಿದರು.”

“ಎಷ್ಟು ಹೊತ್ತಿಗೆ ಬಂದ್ಲು?”

“ಹನ್ನೆರಡು.”

“ಹೋಗಿದ್ದು?”

ಗಂಗಾಭವಾನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಇದೊಂದು ಸ್ವಲ್ಪ ಉಳಿದಿದೆ, ಮುಗಿಸಿಬಿಡ್ತೀನಿ ಅಂತ ಇಲ್ಲೇ ಕೂತು ಕಟ್ಟಿದರು. ನಡುನಡುವೆ ಕಣ್ಣು ಮುಚ್ಚಿಕೊಳ್ತಿದ್ದರು. ಟಿವಿಯಲ್ಲಿ ಎರಡು ಗಂಟೆ ವಾರ್ತೆ ಶುರುವಾದಾಗ ಎದ್ದು ಹೋದರು.”

ಆ ಎರಡು ಗಂಟೆ ಅಲ್ಲಿ, ಆ ಮಂಚದ ಮೇಲೆ, ಹಸಿರು ಸೆರಗಿಗೆ ಸಾಲಾಗಿ ಕಟ್ಟಿಕೊಂಡು ಬಿದ್ದಿತ್ತು.

“ನೀನು ನೋಡ್ತಾ ಕೂತಿದ್ಯಾ?” ಪದ್ಮಾ ಕೂಗಿದಳು. “ಬೆವರು ಕಿತ್ಕೊಂಡು ಬರ್ತಿತ್ತು, ಕೈ ಸೆಳೀತಿತ್ತು, ಆಸ್ಪತ್ರೆಗೆ ನಡಿ ಅನ್ನೋಕೆ ನಿನಗೆ ಬಾಯಿರಲಿಲ್ವಾ?”

“ನಗ್ತಾ ಇದ್ದರಲ್ಲ ಪದ್ಮಗಾರೂ! ನಗ್ತಾ ಇರೋರಿಗೆ ಆಸ್ಪತ್ರೆಗೆ ನಡಿ ಅಂತ ಹೇಗೆ ಹೇಳ್ತಾರೆ?”

ಭಾವ ಅಂದದ್ದೂ ಅದೇ. ಪದ್ಮಾ ಮೆಟ್ಟಿಲ ಮೇಲೆ ಕೂತಳು. ಸಿಟ್ಟು ಇಳಿಯಲಿಲ್ಲ. ಕೈಗೆ ಸಿಕ್ಕವರನ್ನೆಲ್ಲ ದಾಟಿ ಅದು ಹೋಗಿ ನಿಂತದ್ದು ಈಗಷ್ಟೇ ಗೇಟು ದಾಟಿಹೋದ ಅಕ್ಕನ ಮೇಲೆ. ಏಳು ಹುಡುಗೀರ ಸೀರೆ ನೆನಪಾಯ್ತು ನಿನಗೆ. ಒಬ್ಬ ಮಗಳು ಪರವಾಡದ ಬಸ್ಸಲ್ಲಿ ಅಳ್ತಾ ಬಂದ್ಲಲ್ಲ, ಅವಳು? ನಾನು? ನಮ್ಮ ಮುಂದಾದ್ರೂ ಒಂದು ದಿನ ಮುಖ ಗಂಟು ಹಾಕಿ, ನೋವು ಕಣೇ ಅನ್ನಬಾರದಾಗಿತ್ತಾ? ಯಾವ ಗಿರಾಕಿ ಬಿಟ್ಟು ಹೋಗ್ತಿದ್ಲು ಅಂತ ಹೆದರಿದೆ?

ಮೇಲಿನ ಮಹಡಿಯಿಂದ ಮನೆ ತೊಳೆದ ನೀರು ಕೊಳವೆಯಲ್ಲಿ ಸುರಿಯುವ ಸದ್ದು ಬಂತು.

ಗೇಟಿನ ಬಳಿ ದುರ್ಗಾಂಬ ಹೋಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ಗಂಗಾಭವಾನಿ ಆರು ಕಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಏಳನೆಯದನ್ನು ಎತ್ತಿಕೊಂಡಳು. “ಇದನ್ನು ಹೀಗೇ ಕೊಟ್ಟುಬಿಡಲಾ ಪದ್ಮಗಾರೂ?”

“ಹಾಗೇ ಕೊಡಿಯಮ್ಮಾ, ಸಾಕು,” ಎಂದಳು ದುರ್ಗಾಂಬ ಗೇಟಿನಿಂದ. “ಅರ್ಧ ಇದ್ದರೂ ಪರವಾಗಿಲ್ಲ.”

ಪರವಾಗಿಲ್ಲ. ಆ ಮಾತು ಪದ್ಮಾಳನ್ನು ಮತ್ತೆ ಕೆರಳಿಸಿತು. ಮದುವೆ ಮಂಟಪದಲ್ಲಿ ನಾಲ್ಕು ಜನ ಸೆರಗು ಹಿಡಿದು ನೋಡುತ್ತಾರೆ. ಕಟ್ಟಿದವಳು ಯಾರು, ಅರ್ಧಕ್ಕೇ ಬಿಟ್ಟಿದ್ದಾಳಲ್ಲ ಎನ್ನುತ್ತಾರೆ. ಕೂತಲ್ಲಿಂದಲೇ ಕಣ್ಣಿನಲ್ಲಿ ಎಣಿಸಿದಳು. ಹದಿನೇಳು ಬಾಕಿ.

ಮುಟ್ಟುವ ಹಾಗಿಲ್ಲ. ಒಡಹುಟ್ಟಿದವಳ ಸೂತಕ ಇವಳಿಗೂ ಇತ್ತು. ಈಗ ಆ ಸೀರೆಗೆ ಇವಳ ಬೆರಳು ತಾಗಿದರೆ ಅಕ್ಕನ ಆ ಎರಡು ಗಂಟೆ ಮಣ್ಣುಪಾಲು.

“ಕೈ ತೊಳ್ಕೊಂಡು ಬಾ” ಎಂದಳು.

“ನಂಗೆ ಬರಲ್ಲ ಪದ್ಮಗಾರೂ! ದಿನಾ ನೋಡಿದ್ದೀನಿ ಅಷ್ಟೇ, ಯಾವತ್ತೂ ಕಟ್ಟಿಲ್ಲ…”

“ಕೈ ತೊಳ್ಕೊಂಡು ಬಾ ಅಂದೆ.”

ಗಂಗಾಭವಾನಿ ಹೊಸ್ತಿಲ ಒಳಗೆ ಮಣೆ ಹಾಕಿ, ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಪದ್ಮಾ ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ. ನಡುವೆ ಒಂದು ಮಾರು ಜಾಗ.

“ಎಂಟು ಎಳೆ ತಗೋ. ಎಂಟು! ಅದು ಹತ್ತು. ಸೂಜಿ ಅಂಚಿನ ಒಳಗಿಂದ ಬರಲಿ. ಎಳೀಬೇಡ, ರೇಷ್ಮೆ ಹರಿಯುತ್ತೆ. ಈಗ ಮಡಿಸು. ಮೇಲೆ ಜರಿ ದಾರ ಸುತ್ತು.”

“ಹೀಗಾ?”

“ಹಾಗಲ್ಲ ಮಾರಾಯ್ತಿ, ಹೀಗೆ.”

ಒಂಬತ್ತು ವರ್ಷ ಸೂಜಿ ಹಿಡಿಯದ ಪದ್ಮಾಳ ಕೈಗಳು ಗಾಳಿಯಲ್ಲಿ ಎದ್ದವು. ಇಲ್ಲದ ದಾರವನ್ನು ಎಡಗೈ ಹಿಡಿಯಿತು, ಬಲಗೈ ಸುತ್ತಿತು, ಒಂದು, ಎರಡು, ಮೂರು, ಹೆಬ್ಬೆರಳು ಒತ್ತಿತು, ಬಿಗಿಯಿತು. ಮುಖ ಗಂಟಿಕ್ಕಿಕೊಂಡೇ ಇತ್ತು. ಎದುರಿಗಿದ್ದವಳು ಆ ಕೈಗಳನ್ನೇ ನೋಡುತ್ತಾ ತನ್ನ ತೊಡೆಯ ಮೇಲೆ ಕಟ್ಟಿದಳು. ಮೊದಲನೆಯದು ಸೊಟ್ಟಗಾಯಿತು. ಬಿಚ್ಚು ಎಂದಳು ಪದ್ಮಾ. ಎರಡನೆಯ ಸಲವೂ ಸೊಟ್ಟ. ಬಿಚ್ಚು. ಮೂರನೆಯ ಸಲ ನಿಂತಿತು.

ಎರಡು ಗಂಟೆ ಮೊದಲು ಹೊರಟಿದ್ದರೆ ದಾಕ್ಷಾಯಣಿ ಉಳಿಯುತ್ತಿದ್ದಳೇ, ಗೊತ್ತಿಲ್ಲ. ಡಾಕ್ಟರೂ ಬಹುಶಃ ಎಂದಿದ್ದರಷ್ಟೆ. ನೀನು ಮೇಲೆ ಬರಬೇಡವೇ ಎಂದದ್ದು ತಮಾಷೆಗೋ, ತಿಳಿದೇ ಹೇಳಿದ್ದೋ, ಕೇಳಿಸಿಕೊಂಡವಳಿಗೂ ಗೊತ್ತಿಲ್ಲ. ಬಿಸಿಲು ಮೆಟ್ಟಿಲಿಗೆ ಬರುವ ತನಕ ದುರ್ಗಾಂಬ ಗೇಟಿನ ಆಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದಳು. ಹೊಸ್ತಿಲ ಹೊರಗೆ ಎರಡು ಖಾಲಿ ಕೈಗಳು ಗಾಳಿಗೆ ಗಂಟು ಹಾಕುತ್ತಲೇ ಇದ್ದವು. ಬುಧವಾರ ಆ ಸೆರಗನ್ನು ಹಿಡಿದು ನೋಡಿದವರಿಗೆ ಕೊನೆಯ ಹದಿನೇಳು ಬೇರೆ ಕೈಯವು ಎಂದು ಕಂಡಿತೋ ಇಲ್ಲವೋ, ಅದೂ ಗೊತ್ತಿಲ್ಲ.